ಗಾಣದ ಓಣಿಯ ತೂಕ

ನಮ್ಮೂರಿನಲ್ಲಿ ಮಲಗಿದರೆ ದಣಿವು ಹೋಗುವುದಿಲ್ಲ. ನಿದ್ದೆ ಚೆನ್ನಾಗಿಯೇ ಬರುತ್ತದೆ, ಗೊರಕೆಗೂ ಕಮ್ಮಿಯಿಲ್ಲ. ಆದರೆ ಬೆಳಿಗ್ಗೆ ಎದ್ದು ಕೂತರೆ ನಿನ್ನೆಯ ದಣಿವು ಹಾಸಿಗೆಯ ಪಕ್ಕದಲ್ಲಿ ಬಿಟ್ಟ ಚಪ್ಪಲಿಯ ಹಾಗೆ ಅಲ್ಲೇ ಕಾದಿರುತ್ತದೆ. ಅದನ್ನು ಇಳಿಸಬೇಕೆಂದರೆ ಸಂಜೆ ಅಗಸೆಯ ಮುಂದೆ ಸಾಲು ನಿಲ್ಲಬೇಕು, ಒಳಗಿನ ಯಾವುದಾದರೊಂದು ಓಣಿಯ ಒರಗುಮನೆಗೆ ಹೋಗಬೇಕು, ಅಲ್ಲಿ ಮಣೆಯ ಮೇಲೆ ಕೂತಿರುವ ಬೆನ್ನು ಕೊಡುವವರ ಬೆನ್ನಿಗೆ ನಮ್ಮ ಬೆನ್ನು ಒರಗಿಸಿ ಸುಮ್ಮನೆ ಕೂರಬೇಕು. ನಮ್ಮ ದಣಿವು ಅವರಿಗೆ ಇಳಿಯುತ್ತದೆ. ಅವರು ಮಲಗಿ ಎದ್ದರೆ ಅದು ಇಲ್ಲವಾಗುತ್ತದೆ. ಮಲಗಿ ದಣಿವು ಕಳೆದುಕೊಳ್ಳುವ ಯೋಗ ಊರಿನಲ್ಲಿ ಅವರಿಗೆ ಮಾತ್ರ. ಬೇರೆ ಊರಿನಿಂದ ವರ್ಗವಾಗಿ ಬಂದ ಮೇಷ್ಟ್ರುಗಳು ಮೊದಲು ಇದನ್ನು ಕೇಳಿ ನಗುತ್ತಾರೆ. ಮುಂದಿನ ಸಂತೆ ಬರುವಷ್ಟರಲ್ಲಿ ಅವರೂ ಕೊಡೆ ಹಿಡಿದುಕೊಂಡು ಸಾಲಿನಲ್ಲಿರುತ್ತಾರೆ.

ಅಗಸೆ ಎಂದರೆ ಒಂದು ದೊಡ್ಡ ಮರದ ಬಾಗಿಲು. ಅದರ ಹಿಂದೆ ನಾಲ್ಕು ಓಣಿಗಳಿವೆ: ಬಾವಿ ಓಣಿ, ಹುಣಸೆ ಓಣಿ, ಬಳೆಗಾರರ ಓಣಿ, ಗಾಣದ ಓಣಿ. ಓಣಿಗೊಂದು ಒರಗುಮನೆ, ಮನೆಗೊಬ್ಬರು ಬೆನ್ನು ಕೊಡುವವರು. ಯಾರು ಯಾವ ಓಣಿಗೆ ಹೋಗಬೇಕು ಎನ್ನುವುದನ್ನು ಅಗಸೆಯೇ ತೀರ್ಮಾನಿಸುತ್ತದೆ. ನೀವು ಎದುರಿಗೆ ಬಂದು ನಿಂತರೆ ಅದು ತಿರುಗಿ ಒಂದು ಓಣಿಗೆ ಮುಖ ಮಾಡಿ ತೆರೆದುಕೊಳ್ಳುತ್ತದೆ, ನೀವು ಹೋಗುತ್ತೀರಿ. ನನಗೆ ಆ ಓಣಿ ಬೇಡ, ಈ ಓಣಿ ಬೇಕು ಎಂದು ರಾಗ ಎಳೆದರೆ ಅದು ಕೇಳುವುದಿಲ್ಲ. ಒಂದು ವಿಷಯದಲ್ಲಿ ಮಾತ್ರ ಅದಕ್ಕೆ ವಿವೇಕವಿದೆ. ಒಂದೇ ರಕ್ತದವರ ದಣಿವು ಒಬ್ಬರಿಂದೊಬ್ಬರಿಗೆ ಇಳಿಯುವುದಿಲ್ಲವಾದ್ದರಿಂದ, ಅಣ್ಣತಮ್ಮಂದಿರನ್ನು, ತಾಯಿಮಕ್ಕಳನ್ನು ಅದು ಒಂದೇ ಮಣೆಗೆ ಕಳಿಸುವುದಿಲ್ಲ.

ಅಗಸೆಯ ಮೇಲಿನ ಕೋಣೆಯಲ್ಲಿ ಕೂರುವವನು ನಾನು, ಹಾಲಪ್ಪ. ನನ್ನ ಎದುರಿಗೆ ಗೋಡೆಯಿಂದ ಬಂದ ಒಂದು ತಾಮ್ರದ ಕೊಳವೆಯಿದೆ. ಅದರಲ್ಲಿ ಓಣಿಯ ಹೆಸರನ್ನೂ ತೂಕವನ್ನೂ ಹೇಳಿದರೆ ಅಗಸೆ ಆ ಪ್ರಕಾರ ಜನರನ್ನು ಹಂಚುತ್ತದೆ. "ಹುಣಸೆ ಓಣಿ, ನಾಲ್ಕು. ಬಾವಿ ಓಣಿ, ಎರಡು" ಎಂದು ನಾನು ಹೇಳಿದರೆ, ಹುಣಸೆ ಓಣಿಗೆ ನಾಲ್ಕು ಜನ ಹೋಗುವಷ್ಟರಲ್ಲಿ ಬಾವಿ ಓಣಿಗೆ ಇಬ್ಬರು ಹೋಗುತ್ತಾರೆ. ನಾನು ಹೇಳಿದ್ದನ್ನೇ ಕೊಳವೆ ಒಮ್ಮೆ ತಿರುಗಿ ಹೇಳಿ, ಕೊನೆಗೆ "ಆಯ್ತು" ಅನ್ನುತ್ತದೆ. ಇಲ್ಲದ ಹೆಸರು ಹೇಳಿದರೆ "ಅಂಥ ಓಣಿ ಇಲ್ಲ" ಅನ್ನುತ್ತದೆ. ಯಾಕೆ, ಏನು ಎಂದು ಒಂದು ದಿನವೂ ಕೇಳಿದ್ದಿಲ್ಲ. ನನ್ನ ಮೇಲಿನವರೂ ಹೀಗೇ ಇದ್ದಿದ್ದರೆ ನನ್ನ ಆಯುಸ್ಸು ಇನ್ನಷ್ಟು ಉಳಿಯುತ್ತಿತ್ತು. ಹಿಂದೆ ಕೊಳವೆ ಇರದಿದ್ದ ಕಾಲದಲ್ಲಿ ತೂಕ ಬದಲಿಸಬೇಕೆಂದರೆ ಬಾಗಿಲು ಮುಚ್ಚಿ, ಜನರನ್ನು ಬಿಸಿಲಲ್ಲಿ ನಿಲ್ಲಿಸಿ, ಕೀಲು ಬಿಚ್ಚಿ ಕಟ್ಟಬೇಕಿತ್ತಂತೆ. ಈಗ ಬಾಗಿಲು ತಿರುಗುತ್ತಿರುವಾಗಲೇ ಬದಲಿಸಬಹುದು. ಸಾಲಿನಲ್ಲಿರುವವರಿಗೆ ಗೊತ್ತೂ ಆಗುವುದಿಲ್ಲ.

ಯಾವ ಓಣಿಯಲ್ಲಿ ಕೆಲಸ ಹೇಗೆ ನಡೆದಿದೆ ಎಂದು ನನಗೆ ತಿಳಿಯುವುದು ಗಂಟೆಗಳಿಂದ. ಒರಗುಮನೆಯಲ್ಲಿ ಕೂತೆದ್ದವರು ಬೆನ್ನು ಕೊಟ್ಟವರಿಗೆ ಕೈ ಮುಗಿದು "ಇಳೀತು" ಎಂದು ಹೇಳಿ, ಬಾಗಿಲ ಪಕ್ಕದ ಹಗ್ಗ ಎಳೆದು ಹೋಗಬೇಕು. ಹಗ್ಗ ಎಳೆದರೆ ನನ್ನ ಕೋಣೆಯಲ್ಲಿ ಆ ಓಣಿಯ ಗಂಟೆ ಹೊಡೆಯುತ್ತದೆ. ಗಂಟೆ ಬೇಗ ಬೇಗ ಹೊಡೆದರೆ ಆ ಓಣಿಯ ತೂಕ ಏರಿಸುತ್ತೇನೆ, ತಡವಾದರೆ ಇಳಿಸುತ್ತೇನೆ. ಇಷ್ಟೇ ಕೆಲಸ. ಇದಕ್ಕೆ ಏನು ದಣಿವು ಎಂದು ಊರವರು ನನ್ನನ್ನು ಚುಡಾಯಿಸುತ್ತಾರೆ. ಕೂತು ಗಂಟೆ ಕೇಳುವುದಕ್ಕೂ ದಣಿವಾಗುತ್ತದೆ ಎಂದರೆ ಯಾರೂ ನಂಬುವುದಿಲ್ಲ.

ಗಾಣದ ಓಣಿಯಲ್ಲಿ ಬೆನ್ನು ಕೊಡುತ್ತಿದ್ದವಳು ನನ್ನ ಅಕ್ಕ ದೇವೀರಮ್ಮ. ಮದುವೆಯಾಗಲಿಲ್ಲ. ಹುಡುಗಿಯಾಗಿದ್ದಾಗಲೇ ಅವಳಿಗೆ ಮಲಗಿದರೆ ದಣಿವು ಹೋಗುತ್ತದೆಂದು ಊರಿಗೆ ಗೊತ್ತಾಗಿ, ಓಣಿಯ ಮನೆ ಕೊಟ್ಟು ಮಣೆಯ ಮೇಲೆ ಕೂರಿಸಿದರು. ಅವಳ ಗಂಟೆ ಯಾವಾಗಲೂ ನಿಧಾನ. ಒಬ್ಬರು ಕೂತರೆ ಬಹಳ ಹೊತ್ತು ಏಳುತ್ತಿರಲಿಲ್ಲ. ಎದ್ದವರು ಮಾತ್ರ ಹೆಗಲ ಮೇಲಿನ ಟವಲ್ ಬೀಸುತ್ತ, ಯಾರನ್ನಾದರೂ ಮಾತಾಡಿಸುವ ಉಮೇದಿನಲ್ಲಿ ಹೊರಗೆ ಬರುತ್ತಿದ್ದರು. ಅವಳಿಗೆ ನಾನು ಎರಡಕ್ಕಿಂತ ಹೆಚ್ಚು ತೂಕ ಇಟ್ಟವನಲ್ಲ. ಅದಕ್ಕೆ ಅವಳಿಗೆ ನನ್ನ ಮೇಲೆ ಒಳಗೊಳಗೇ ಸಿಟ್ಟಿತ್ತು. "ನನ್ನ ಬೆನ್ನೇನು ಸಣ್ಣದಾ? ಆ ಸಣ್ಣವೀರನಿಗೆ ನಾಲ್ಕು, ನನಗೆ ಎರಡಾ?" ಎಂದು ಕೇಳುತ್ತಿದ್ದಳು. ಸಣ್ಣವೀರ ಹುಣಸೆ ಓಣಿಯವನು, ಗಟ್ಟಿ ಆಳು.

ಆ ವರ್ಷ ಬೇಸಿಗೆಗೆ ಮೊದಲೇ ಬಾವಿ ಓಣಿಯ ಕರಿಯಣ್ಣನ ಬೆನ್ನು ಬಿತ್ತು. ವಯಸ್ಸಾಗಿತ್ತು. ಮಣೆಯ ಮೇಲೆ ಕೂತರೆ ಏಳಲು ಇಬ್ಬರು ಬೇಕಿತ್ತು. ನಮ್ಮ ಉಸ್ತುವಾರಿ ಪರಮಶಿವಯ್ಯನವರು ಮೆಟ್ಟಿಲು ಹತ್ತಿ ಬಂದು, "ಹಾಲಪ್ಪ, ಬಾವಿ ಓಣಿಗೆ ಸೊನ್ನೆ ಹೇಳಿಬಿಡಿ" ಎಂದರು. ಹೇಳಿದೆ. ಸೊನ್ನೆ ಎಂದರೆ ಕೂತವರನ್ನು ಎಬ್ಬಿಸುವುದಿಲ್ಲ, ಅವರ ಪಾಡಿಗೆ ಇಳಿಸಿಕೊಂಡು ಹೋಗಬಹುದು; ಹೊಸಬರು ಮಾತ್ರ ಆ ಕಡೆ ಬರುವುದಿಲ್ಲ. ಹೊರಗಿನವರಿಗೆ ಇದು ವಿಶ್ರಾಂತಿಯ ಹಾಗೆ ಕಾಣುತ್ತದೆ. ಆದರೆ ಬೆನ್ನು ಕೊಡುವವರು ಆ ಮಾತಿಗೆ ಹೆದರುತ್ತಾರೆ. ಒಂದು ಅಮಾವಾಸ್ಯೆಯಿಂದ ಇನ್ನೊಂದರವರೆಗೆ ಯಾರೂ ಒರಗದಿದ್ದರೆ ಅವರ ಬೆನ್ನು ನಮ್ಮ ನಿಮ್ಮ ಬೆನ್ನಾಗಿಬಿಡುತ್ತದೆ, ಮತ್ತೆ ಬರುವುದಿಲ್ಲ. ಓಣಿಯ ಮನೆಯನ್ನೂ ಬಿಡಬೇಕು. ಕರಿಯಣ್ಣ ಮಗಳ ಮನೆಗೆ ಹೋದ. ಹೋಗುವಾಗ ಅಗಸೆಯ ಕಡೆ ತಿರುಗಿಯೂ ನೋಡಲಿಲ್ಲ. ಅದನ್ನು ನೋಡಿದ ಅಕ್ಕ ಅವತ್ತೇ ನನ್ನ ಕೈ ಹಿಡಿದುಕೊಂಡು, "ನನಗೆ ಮಾತ್ರ ಸೊನ್ನೆ ಹೇಳಬೇಡ ಕಣೋ. ಏನಾದ್ರೂ ಆಗ್ಲಿ, ಅದೊಂದು ಮಾಡಬೇಡ" ಎಂದಳು. ನಾನು ಯಾಕೆ ಹೇಳಲಿ ಎಂದು ನಕ್ಕೆ.

ಕರಿಯಣ್ಣನ ಪಾಲಿನ ಜನ ಉಳಿದ ಮೂರು ಓಣಿಗೆ ಹಂಚಿಹೋದರು. ಸಣ್ಣವೀರನ ಗಂಟೆ ನಿಧಾನವಾಯಿತು. ಬಳೆಗಾರರ ಓಣಿಯ ಜುಲೇಕಾಬಿಯ ಗಂಟೆ ಇನ್ನೂ ನಿಧಾನವಾಯಿತು. ಸಾಲು ಮಾರಿಗುಡಿಯವರೆಗೆ ಬೆಳೆದು, ಜನ ನನ್ನ ಕಿಟಕಿಯ ಕಡೆ ನೋಡಿ ಬಯ್ಯುವುದು ಶುರುವಾಯಿತು. ಆಗಲೇ ಅಕ್ಕನ ಗಂಟೆ ಚುರುಕಾದದ್ದು. ಮೊದಲು ನಾನು ನಂಬಲಿಲ್ಲ. ಹಗ್ಗಕ್ಕೆ ಯಾರೋ ಆಡಿನ ಮರಿ ಕಟ್ಟಿದ್ದಾರೇನೋ ಎಂದುಕೊಂಡೆ. ಆದರೆ ದಿನವೂ ಹಾಗೇ ಆಯಿತು. ಒಬ್ಬರು ಕೂತರೆ ವೀಳ್ಯದೆಲೆ ಮಡಚಿ ಬಾಯಿಗಿಡುವಷ್ಟರಲ್ಲಿ ಗಂಟೆ. ನಾನು ಎರಡನ್ನು ಮೂರು ಮಾಡಿದೆ, ಗಂಟೆ ನಿಧಾನವಾಗಲಿಲ್ಲ, ಇನ್ನೂ ಚುರುಕಾಯಿತು. ನಾಲ್ಕು ಮಾಡಿದೆ, ಐದು ಮಾಡಿದೆ. ಸಾಲು ಮಾರಿಗುಡಿಯಿಂದ ಹಿಂದೆ ಸರಿದು, ಅಗಸೆಯ ಕಟ್ಟೆಯ ಹತ್ತಿರಕ್ಕೆ ಬಂತು. ಕೊನೆಗೆ ಗಾಣದ ಓಣಿಗೆ ಏಳು, ಹುಣಸೆ ಓಣಿಗೆ ಎರಡು, ಬಳೆಗಾರರ ಓಣಿಗೆ ಒಂದು ಎಂದು ನಿಂತಿತು.

ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ. ನಮ್ಮ ಮನೆಯ ಹೆಣ್ಣುಮಗಳು ಊರಿನ ಮುಕ್ಕಾಲು ದಣಿವನ್ನು ಒಬ್ಬಳೇ ಇಳಿಸಿಕೊಳ್ಳುತ್ತಿದ್ದಾಳೆ. ಚಹಾದಂಗಡಿಯಲ್ಲಿ ಸಣ್ಣವೀರನ ಹೆಸರು ಯಾರಾದರೂ ಎತ್ತಿದರೆ ನಾನು ಮೀಸೆಯಡಿ ನಗುತ್ತಿದ್ದೆ. ಪರಮಶಿವಯ್ಯನವರು ಬಂದು, ಸಾಲು ನೋಡಿ, "ಕೈಗುಣ ಅಂದ್ರೆ ಇದು" ಎಂದು ಬೆನ್ನು ತಟ್ಟಿ ಹೋದರು. ತಟ್ಟಿದ್ದು ನನ್ನ ಬೆನ್ನನ್ನು.

ಒಂದು ವಿಚಿತ್ರ ಮಾತ್ರ ನಡೆದಿತ್ತು. ಸಾಲು ಸಣ್ಣದಾದಷ್ಟೂ ಊರು ಹೆಚ್ಚು ದಣಿಯುತ್ತಿತ್ತು. ಕ್ಷೌರದ ಅಂಗಡಿಯ ಮಾದೇಶ ಒಂದು ಕೆನ್ನೆ ಬೋಳಿಸಿ, ಕುರ್ಚಿಯ ಬೆನ್ನಿಗೆ ಕೈಯಿಟ್ಟುಕೊಂಡು ನಿಂತೇಬಿಡುತ್ತಿದ್ದ. ಗಿರಾಕಿಗೂ ಇನ್ನೊಂದು ಕೆನ್ನೆಯ ವಿಷಯ ಕೇಳುವಷ್ಟು ತ್ರಾಣ ಇರುತ್ತಿರಲಿಲ್ಲ. ಶಾಲೆಯಲ್ಲಿ ಮೇಷ್ಟ್ರು ಮಗ್ಗಿ ಹೇಳಿಸುತ್ತ ಆರೆಂಟ್ಲೆಗೆ ನಿಂತು, ಮುಂದಿನದು ನಾಳೆ ಎಂದರಂತೆ. ಮನೆಗಳಲ್ಲಿ ಜಗಳ ಕೂಡ ಅರ್ಧಕ್ಕೇ ನಿಲ್ಲುತ್ತಿತ್ತು. ಬೇಸಿಗೆ ಎಂದು ನಾನು ಅಂದುಕೊಂಡೆ. ಎಲ್ಲರೂ ಹಾಗೇ ಅಂದುಕೊಂಡರು. ನನ್ನ ಕಣ್ಣ ಮುಂದೆಯೇ ಇದ್ದದ್ದು ನನಗೆ ಕಾಣಲಿಲ್ಲ, ಯಾಕೆಂದರೆ ನನ್ನ ಕಿವಿಯಲ್ಲಿ ಗಂಟೆ ತುಂಬಿತ್ತು.

ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುವ ಕೆಂಚಮ್ಮ ಒಂದು ಸಂಜೆ ಚಹಾದಂಗಡಿಯ ಬೆಂಚಿನ ಮೇಲೆ ನನ್ನ ಪಕ್ಕ ಬಂದು ಕೂತಳು. ಕೂತಳು ಅನ್ನುವುದಕ್ಕಿಂತ ಬಿದ್ದಳು ಅನ್ನಬೇಕು.

"ಈಗಷ್ಟೇ ಇಳಿಸಿ ಬಂದ್ಯಲ್ಲ ಕೆಂಚಮ್ಮ, ಇದೇನು?" ಎಂದೆ.

"ಹೂಂ ಅಣ್ಣ. ಗಾಣದ ಓಣಿಗೆ ಹೋಗಿದ್ದೆ. ನಿನ್ನೆನೂ ಅಲ್ಲಿಗೇ. ಮೊನ್ನೆನೂ."

"ಪುಣ್ಯವಂತೆ. ಎಲ್ಲರಿಗಿಂತ ಅಲ್ಲೇ ಬೇಗ ಆಗುತ್ತೆ."

ಅವಳು ಚಹಾ ಕುಡಿದಳು. ಆಮೇಲೆ ಲೋಟ ಕೆಳಗಿಟ್ಟು, "ನನ್ನದೇ ಏನೋ ತಪ್ಪಿರಬೇಕು. ಅಷ್ಟು ಜನಕ್ಕೆ ಇಳಿಯುತ್ತೆ, ನನಗೊಬ್ಬಳಿಗೆ ಇಳಿಯಲ್ಲ" ಎಂದಳು.

"ಇಳೀತು ಅಂತ ಹಗ್ಗ ಎಳೆದಿಯಲ್ಲ?"

"ಮತ್ತೇನ್ ಹೇಳ್ಲಿ ಅಣ್ಣ? ಆ ತಾಯಿ ಬೆನ್ನು ಕೊಟ್ಟು ಕೂತವಳೆ. ಅವಳ ಎದುರಿಗೆ ಇಳೀಲಿಲ್ಲ ಅನ್ನೋಕೆ ಬಾಯಿ ಬರುತ್ತಾ? ಸುಮ್ನೆ ಕೂತು ಅವಳ ಹೊತ್ತು ಯಾಕೆ ಕಳೀಲಿ ಅಂತ ಎದ್ದು ಬಂದೆ."

ಅಂಗಡಿಯಲ್ಲಿ ಇನ್ನೂ ಕೆಲವರು ಕೂತಿದ್ದರು. ಅವರು ಯಾರೂ ತಲೆ ಎತ್ತಲಿಲ್ಲ. ಒಬ್ಬ ತನ್ನ ಉಗುರು ನೋಡಿಕೊಳ್ಳುತ್ತಿದ್ದ. ಒಬ್ಬ ಬೀಡಿ ಹಚ್ಚಿ, ಅದನ್ನು ಸೇದುವುದನ್ನೇ ಮರೆತಿದ್ದ. ಅವರೆಲ್ಲರ ಮುಖವನ್ನು ಒಮ್ಮೆ ನೋಡಿದಾಗ ನನಗೆ ವಿಷಯ ಪೂರ್ತಿ ಅರ್ಥವಾಯಿತು. ಊರಿಗೆ ಊರೇ ಮರ್ಯಾದೆಗೆ ಅಂಜಿ ಹಗ್ಗ ಎಳೆದಿತ್ತು. ಆ ಹಗ್ಗದ ಇನ್ನೊಂದು ತುದಿಯಲ್ಲಿ ಕೂತು ನಾನು ಇನ್ನಷ್ಟು ಜನರನ್ನು ಅಲ್ಲಿಗೇ ಕಳಿಸಿದ್ದೆ.

ಎದ್ದು ನೇರವಾಗಿ ಅಕ್ಕನ ಮನೆಗೆ ಹೋದೆ. ಅವತ್ತಿನ ಸಾಲು ಮುಗಿದು, ಇನ್ನೂ ಬೆಳಕಿತ್ತು. ಅವಳು ಮಣೆಯ ಮೇಲೆಯೇ ಕೂತಿದ್ದಳು. ಹತ್ತಿರ ಹೋಗಿ ನೋಡಿ ಎಷ್ಟೋ ದಿನವಾಗಿತ್ತು. ದಿನವೂ ಗಂಟೆ ಕೇಳುತ್ತಿದ್ದೆನಲ್ಲ, ಅವಳು ಚೆನ್ನಾಗಿದ್ದಾಳೆ ಎಂದೇ ನನ್ನ ಲೆಕ್ಕ. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಸೆರಗು ಸರಿಮಾಡಿಕೊಳ್ಳಲು ಕೈ ಎತ್ತಿದವಳು ಅರ್ಧದಲ್ಲಿ ಬಿಟ್ಟಳು.

"ಗೊತ್ತಾಯ್ತಾ?" ಎಂದು ಅವಳೇ ಕೇಳಿದಳು.

"ಯಾವಾಗಿಂದ ಅಕ್ಕ?"

"ಕರಿಯಣ್ಣ ಹೋದ್ಮೇಲೆ ಜಾಸ್ತಿ ಬಂತು. ಒಂದಿನ ಮಲಗಿ ಎದ್ದೆ, ಹಿಂದಿನ ದಿನದ್ದು ಹಂಗೇ ಇತ್ತು. ಅದರ ಮೇಲೆ ಇನ್ನಷ್ಟು. ಆಮೇಲೆ ತುಂಬ್ಬಿಡ್ತು ಕಣೋ. ತುಂಬಿದ ಮೇಲೆ ಯಾರು ಒರಗಿದ್ರೂ ಒಳಗೆ ಏನೂ ಬರ್ಲಿಲ್ಲ."

"ಹೇಳಬಾರದಿತ್ತಾ?"

"ಎಲ್ಲರೂ ಇಳೀತು ಅಂತಾರೆ. ಅಷ್ಟು ಜನ ಸುಳ್ಳು ಹೇಳ್ತಾರಾ ಅಂದ್ಕೊಂಡೆ. ನನಗೇ ಗೊತ್ತಾಗ್ದೆ ಇಳೀತಿರಬಹುದು ಅಂದ್ಕೊಂಡೆ." ಮಣೆಯ ಅಂಚು ಸವರುತ್ತ, "ಎದ್ದವರು ನನ್ನ ಮುಖ ನೋಡ್ದೆ ಹೋಗೋರು. ಆಗ ಗೊತ್ತಾಗೋದು" ಎಂದಳು.

ನಾನು ಏಳು ಏಳು ಎಂದು ಕೊಳವೆಗೆ ಹೇಳಿದ್ದೆಲ್ಲ ನೆನಪಾಗಿ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ನಾಳೆಯಿಂದ ಸೊನ್ನೆ ಎಂದೆ. ಅವಳು ನನ್ನ ಅಂಗಿಯ ತುದಿ ಹಿಡಿದುಕೊಂಡಳು. ಇಷ್ಟು ವರ್ಷದಲ್ಲಿ ಅವಳು ಯಾರನ್ನೂ ಏನನ್ನೂ ಬೇಡಿದವಳಲ್ಲ.

"ಒಂದು ಇಡು ಹಾಲಪ್ಪ. ಬರೀ ಒಂದು. ಒಬ್ಬರೋ ಇಬ್ಬರೋ ಬರ್ಲಿ. ಸ್ವಲ್ಪ ದಿನದಲ್ಲಿ ನಿದ್ದೆ ಸರಿ ಹೋಗುತ್ತೆ. ಬೆನ್ನು ಹೋದ್ರೆ ನಾನೇನು? ಎಲ್ಲಿಗೆ ಹೋಗ್ಲಿ?"

ಮಾರನೆಯ ದಿನ "ಗಾಣದ ಓಣಿ, ಒಂದು" ಎಂದು ಹೇಳಿದೆ. "ಗಾಣದ ಓಣಿ, ಒಂದು. ಆಯ್ತು" ಎಂದಿತು ಕೊಳವೆ. ಸಂಜೆಗೆ ಸಾಲು ಮತ್ತೆ ಮಾರಿಗುಡಿ ಮುಟ್ಟಿತು. ಪರಮಶಿವಯ್ಯನವರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಗಂಟೆ ಆಗ್ತಿದೆಯಲ್ರೀ. ಇಳೀದೆ ಜನ ಹಗ್ಗ ಎಳೀತಾರಾ?"

"ನೀವು ಮೊನ್ನೆ ಎಲ್ಲಿಗೆ ಹೋಗಿದ್ರಿ ಸಾರ್?"

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಬಹಳ ಹೊತ್ತು ಒರೆಸಿದರು. "ಗಾಣದ ಓಣಿಗೇ" ಎಂದರು. ಹಗ್ಗ ಎಳೆದಿರಾ ಎಂದು ನಾನು ಕೇಳಲಿಲ್ಲ. ಅವರು ಹೇಳಲಿಲ್ಲ. ಮೆಟ್ಟಿಲಿಳಿಯುವ ಮೊದಲು, "ಮೇಲಿನವರು ನೋಡೋದು ಸಾಲನ್ನ ಕಣ್ರೀ. ಎಷ್ಟು ದಿನ ಅಂತ ನಾನು ತಡೀಲಿ?" ಎಂದರು. ಕೆಟ್ಟ ಮನುಷ್ಯ ಅಲ್ಲ. ಅವರಿಗೂ ದಣಿವಾಗಿತ್ತು.

ಒಂದು ಎಂದರೆ ಸಣ್ಣ ಸಂಖ್ಯೆ. ಸಣ್ಣದು ಎಂದುಕೊಂಡೇ ನಾನು ನನ್ನನ್ನು ಸಮಾಧಾನ ಮಾಡಿಕೊಂಡಿದ್ದೆ. ಆದರೆ ದಿನವೂ ಯಾರೋ ಕೆಲವರು ಆ ಬಾಗಿಲು ಹೊಕ್ಕು, ಏನೂ ಇಳಿಯದೆ, ಇಳೀತು ಎಂದು ಹೇಳಿ ಹೊರಗೆ ಬರುತ್ತಿದ್ದರು. ಅಕ್ಕನ ನಿದ್ದೆ ಸರಿ ಹೋಗಲಿಲ್ಲ. ಅಗಸೆ ಯಾರ ಪೂರ್ವಾಪರವನ್ನೂ ನೋಡುವುದಿಲ್ಲವಲ್ಲ, ಕೆಂಚಮ್ಮ ಮತ್ತೆರಡು ಸಲ ಅಲ್ಲಿಗೇ ಹೋದಳಂತೆ. ಆ ವಾರದಲ್ಲೇ ಅವಳು ಗೂಡಿನ ಹಲಗೆಯ ಮೇಲೆ ತಲೆ ಮೇಲೆ ಇಟ್ಟಿಗೆ ಹೊತ್ತು ಹತ್ತುತ್ತಿದ್ದವಳು, ಕಾಲು ಎತ್ತಿಡಲಾಗದೆ ಅಲ್ಲೇ ನಿಂತು, ನಿಂತಲ್ಲಿಂದ ಪಕ್ಕಕ್ಕೆ ಬಿದ್ದಳು. ಮುಂಗೈ ಮುರಿಯಿತು. ನಾನು ಆಸ್ಪತ್ರೆಗೆ ಹೋದಾಗ ಅವಳು ಕಟ್ಟು ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನ್ನನ್ನು ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವಳು, "ನಿಮ್ಮಕ್ಕಂಗೆ ಹೇಳಬೇಡಿ ಅಣ್ಣ, ನೊಂದ್ಕೊಂತಾಳೆ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಲ್ಲಿಂದ ಬಂದು ಕೊಳವೆಯ ಮುಂದೆ ಕೂತೆ. "ಗಾಣದ ಓಣಿ, ಸೊನ್ನೆ" ಎಂದೆ. "ಗಾಣದ ಓಣಿ, ಸೊನ್ನೆ. ಆಯ್ತು" ಎಂದಿತು ಅದು, ಎಂದಿನ ದನಿಯಲ್ಲೇ. ಸಾಲು ಶುರುವಾಗುವ ಮೊದಲೇ ನಾನು ಕೆಳಗಿಳಿದು ಓಣಿಗೆ ಹೋದೆ. ಅಕ್ಕ ದೀಪದ ಬತ್ತಿ ಸರಿಮಾಡಿ, ಮಣೆ ಒರೆಸಿ, ಬಾಗಿಲ ಕಡೆ ಬೆನ್ನು ಮಾಡಿ ಕೂತಿದ್ದಳು. ಹೆಜ್ಜೆಯ ಸದ್ದು ಕೇಳಿ ಬೆನ್ನನ್ನು ನೆಟ್ಟಗೆ ಮಾಡಿದಳು. ನಾನು ಒರಗುವವನಲ್ಲ, ಹೇಳಲು ಬಂದವನು ಎಂದು ಅವಳಿಗೆ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಳಲಿಲ್ಲ, ಬಯ್ಯಲಿಲ್ಲ. ನನ್ನ ಜೊತೆ ಮಾತು ಬಿಟ್ಟಳು.

ಅಮಾವಾಸ್ಯೆ ಕಳೆದ ಮೇಲೆ ಅವಳನ್ನು ನನ್ನ ಮನೆಗೆ ಕರೆದುಕೊಂಡು ಬಂದೆ. ಮನೆಯಲ್ಲಿ ನಾನೊಬ್ಬನೇ ಇದ್ದದ್ದು, ಜಾಗಕ್ಕೇನೂ ತೊಂದರೆಯಿರಲಿಲ್ಲ. ಅವಳು ಗೋಡೆಗೆ ಒರಗಿ ಕೂತಿರುತ್ತಿದ್ದಳು. ಊಟಕ್ಕೆ ಕರೆದರೆ ಬರುತ್ತಿದ್ದಳು, ತಟ್ಟೆ ತೊಳೆದಿಡುತ್ತಿದ್ದಳು, ಮಾತಿಲ್ಲ. ಊರಿನ ಎಷ್ಟು ದಣಿವು ಅವಳೊಳಗೆ ಹಾಗೇ ನಿಂತಿತ್ತೋ. ನೀರಿನ ಚೊಂಬು ಎತ್ತುವಾಗ ಎರಡೂ ಕೈ ಹಚ್ಚುತ್ತಿದ್ದಳು. ಅಗಸೆಗೆ ಹೋಗು, ಸಾಲಿನಲ್ಲಿ ನಿಂತು ಇಳಿಸಿಕೋ ಎಂದು ದಿನವೂ ಹೇಳಿದೆ. ಸಣ್ಣವೀರ ಒಂದು ಬೆಳಿಗ್ಗೆ ತಾನೇ ಬಂದು, "ಅಕ್ಕಾ, ಬನ್ನಿ, ನಾನಿದೀನಿ" ಎಂದ. ತಲೆಯಾಡಿಸಿದಳು. ಇಷ್ಟು ವರ್ಷ ತಾನು ಬೆನ್ನು ಕೊಟ್ಟವರ ನಡುವೆ ನಿಲ್ಲಲು ಅವಳಿಗೆ ನಾಚಿಕೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದು ಏನು ಮಾಡಲಿ. ನನ್ನ ಬೆನ್ನು ಅವಳಿಗೆ ಉಪಯೋಗವಿಲ್ಲ, ಅವಳ ರಕ್ತ ನನ್ನದು.

ಕೊನೆಗೆ ಒಂದು ದಿನ ಮಧ್ಯಾಹ್ನ ಅವಳಿಗೆ ಎದ್ದು ನಿಲ್ಲಲಾಗಲಿಲ್ಲ. ಗೋಡೆ ಹಿಡಿದುಕೊಂಡು ಪ್ರಯತ್ನ ಮಾಡಿ ಕೂತಳು. ಆ ಸಂಜೆ ನಾನು ಕೈ ಹಿಡಿದಾಗ ಬಿಡಿಸಿಕೊಳ್ಳಲಿಲ್ಲ. ಅಗಸೆಯವರೆಗೆ ಬರಲು ಬಹಳ ಹೊತ್ತು ಹಿಡಿಯಿತು. ಸಾಲಿನವರು ಅವಳನ್ನು ನೋಡಿ ಸರಿದು ದಾರಿ ಬಿಟ್ಟರು. ಅವಳು ಮುಂದೆ ಹೋಗಲಿಲ್ಲ, ಕೊನೆಯಲ್ಲಿ ನಿಂತಳು. ನಾನು ಮೇಲೆ ಹೋಗಿ ಕೂತು ಕಿಟಕಿಯಿಂದ ನೋಡುತ್ತಿದ್ದೆ. ಅವಳ ಸರದಿ ಬಂದಾಗ ಬಾಗಿಲು ತಿರುಗಿ ಹುಣಸೆ ಓಣಿಗೆ ತೆರೆಯಿತು. ಅವಳು ಒಳಗೆ ಹೋದಳು.

ಆಮೇಲೆ ಹುಣಸೆ ಓಣಿಯ ಗಂಟೆ ಆಗಲಿಲ್ಲ. ಬಳೆಗಾರರ ಓಣಿಯ ಗಂಟೆ ಒಂದು ಸಲ ಆಯಿತು, ಇನ್ನೊಂದು ಸಲ ಆಯಿತು. ಹುಣಸೆ ಓಣಿ ಮಾತ್ರ ಸುಮ್ಮನಿತ್ತು. ಇಳಿಯುತ್ತಿದೆ ಎಂದು ನನಗೆ ಗೊತ್ತಾಯಿತು. ಗಂಟೆ ಆಗದಿದ್ದದ್ದಕ್ಕೆ ಇಷ್ಟು ವರ್ಷದಲ್ಲಿ ನಾನು ಸಂತೋಷಪಟ್ಟದ್ದು ಅದೇ ಮೊದಲು. ಆದರೆ ಅಗಸೆ ತನ್ನ ಪಾಡಿಗೆ ಆ ಕಡೆ ಜನರನ್ನು ಕಳಿಸುತ್ತಲೇ ಇತ್ತು. ಒರಗುಮನೆಯ ಹೊರಗೆ ಅವರು ಗುಂಪು ಕಟ್ಟಿ ಕಾಯುತ್ತಿದ್ದರು. ಕಾಯುವವರ ಕೆಮ್ಮು ಕೇಳಿದರೆ ಅಕ್ಕ ಒಂದು ಕ್ಷಣವೂ ಕೂರುವವಳಲ್ಲ, ಇಳಿಯಲಿ ಬಿಡಲಿ ಎದ್ದುಬಿಡುತ್ತಾಳೆ. ನಾನು ಕೊಳವೆಗೆ ಬಾಗಿ ಹುಣಸೆ ಓಣಿಗೆ ಸೊನ್ನೆ ಎಂದೆ. ಕೂತವರನ್ನು ಎಬ್ಬಿಸುವುದಿಲ್ಲ, ಹೊಸಬರು ಹೋಗುವುದಿಲ್ಲ.

ಹೇಳಿದ ಮೇಲೆ ನನಗೆ ಹೊಳೆಯಿತು. ಉಳಿದದ್ದು ಒಂದೇ ಓಣಿ. ಜುಲೇಕಾಬಿಗೆ ನಾನು ಒಂದು ಎಂದು ಹೇಳಿದರೂ ಹತ್ತು ಎಂದು ಹೇಳಿದರೂ ಊರಿಗೆ ಊರೇ ಅವಳ ಬೆನ್ನಿನ ಮೇಲೆ ಹೋಗಿ ಬೀಳುತ್ತದೆ. ಅವಳಿಗೆ ಮೊಮ್ಮಕ್ಕಳಿದ್ದಾರೆ. ಈ ಕೋಣೆಯಲ್ಲಿ ಕೂತು ಇಷ್ಟು ವರ್ಷ ನಾನು ಮಾಡಿದ್ದು ಒಬ್ಬರ ಮೇಲಿನದನ್ನು ತೆಗೆದು ಇನ್ನೊಬ್ಬರ ಮೇಲೆ ಇಟ್ಟದ್ದು ಮಾತ್ರ. ಒಂದು ಗುಂಜಿಯಷ್ಟನ್ನೂ ಕಡಿಮೆ ಮಾಡಿದವನಲ್ಲ. ಕೊಳವೆಗೆ ಹೇಳುವಂಥದ್ದು ಇನ್ನೇನೂ ಇರಲಿಲ್ಲ. ಕೋಣೆ ಬಿಟ್ಟು ಕೆಳಗಿಳಿದೆ. ಕೆಲಸದ ಹೊತ್ತಿನಲ್ಲಿ ಕೋಣೆ ಬಿಟ್ಟು ಇಳಿಯುವ ಹಾಗಿಲ್ಲ. ಪರಮಶಿವಯ್ಯನವರು ಕಟ್ಟೆಯ ಮೇಲೆ ಕೂತಿದ್ದವರು ನನ್ನನ್ನು ನೋಡಿ ಎದ್ದು ನಿಂತರು.

ಸಾಲಿನ ಮುಂದೆ ನಿಂತು ನಾನು ಹೇಳಿದೆ, ಭಾಷಣ ಮಾಡಿ ಗೊತ್ತಿಲ್ಲದವನ ದನಿಯಲ್ಲಿ. "ನಮ್ಮಕ್ಕ ಕೂತವಳೆ. ಹೊತ್ತಾಗುತ್ತೆ. ಸಣ್ಣವೀರನ ಹತ್ರ ಇವತ್ತು ಇನ್ಯಾರನ್ನೂ ಕಳಿಸಲ್ಲ. ಎಲ್ಲರೂ ಜುಲೇಕಾಬಿ ಹತ್ರ ಹೋದ್ರೆ ಅವಳೂ ಉಳಿಯಲ್ಲ." ಮನೆಗೆ ಹೋಗಿ ಎನ್ನುವ ಅಧಿಕಾರ ನನಗೆಲ್ಲಿದೆ. ಇಡೀ ದಿನ ದುಡಿದು ಬಂದವರು ಅವರು.

ಬಸ್ಸಿನ ಡ್ರೈವರೊಬ್ಬ, "ನಿಮ್ಮಕ್ಕಂಗೋಸ್ಕರ ನಾಳೆ ನಾನು ಬಸ್ಸು ಹಳ್ಳಕ್ಕೆ ಹಾಕ್ಲಾ?" ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅವನಿಗೆ ದಾರಿ ಬಿಟ್ಟೆವು, ಅವನು ಬಳೆಗಾರರ ಓಣಿಗೆ ಹೋದ. ಅವನ ಹಿಂದೆ ಒಬ್ಬ ಬಸುರಿ, ಒಬ್ಬ ಮುದುಕ ಹೋದರು. ಉಳಿದವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಸಾಲಿನ ನಡುವಿನಿಂದ ಕೆಂಚಮ್ಮ ಕಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು ಹೊರಗೆ ಬಂದಳು. "ಕೈ ಮುರಿದೋಳಿಗೆ ನಾಳೆ ಕೆಲಸ ಏನಿರುತ್ತೆ. ನಾನು ನಾಳಿದ್ದು ಬರ್ತೀನಿ ಬಿಡಣ್ಣ" ಎಂದು ಹೇಳಿ ಮನೆಯ ದಾರಿ ಹಿಡಿದಳು. ಮಾದೇಶ ಅವಳ ಹಿಂದೆ ಹೋದ. ಮೇಷ್ಟ್ರು ಕೊಡೆ ಬಿಚ್ಚಿದರು, ಬಿಸಿಲೂ ಇರಲಿಲ್ಲ ಮಳೆಯೂ ಇರಲಿಲ್ಲ, ಬಿಚ್ಚಿ ಹೊರಟರು. ಕೆಲವರು ಗೊಣಗುತ್ತಲೇ ಹೋದರು. ಹೋದರು ಅನ್ನುವುದು ಮುಖ್ಯ. ಪರಮಶಿವಯ್ಯನವರು ಏನೋ ಹೇಳಲು ಬಾಯಿ ತೆರೆದವರು, ಚಪ್ಪಲಿ ಹುಡುಕಿ ಹಾಕಿಕೊಂಡು ತಾವೂ ಹೊರಟುಹೋದರು. ಊರಿನ ಜನ ಆ ದಿನದ ದಣಿವನ್ನು ಹೊತ್ತುಕೊಂಡೇ, ಕಾಲೆಳೆಯುತ್ತ, ಮಾರಿಗುಡಿಯ ತಿರುವಿನಲ್ಲಿ ಒಬ್ಬೊಬ್ಬರಾಗಿ ಮರೆಯಾದರು.

ಹೊತ್ತು ಮುಳುಗುವ ಮೊದಲು ಅಕ್ಕ ಓಣಿಯಿಂದ ಹೊರಗೆ ಬಂದಳು. ಹಗ್ಗ ಎಳೆದಿದ್ದಳೋ ಇಲ್ಲವೋ, ನಾನು ಕೋಣೆಯಲ್ಲಿರಲಿಲ್ಲ, ಗೊತ್ತಿಲ್ಲ. ಪೂರ್ತಿ ಇಳಿದಿರಲಿಲ್ಲ ಎಂದು ನೋಡಿದರೆ ತಿಳಿಯುತ್ತಿತ್ತು. ಆದರೆ ಗೋಡೆ ಹಿಡಿಯದೆ ನಡೆದಳು. ಬಾಗಿಲ ಬಳಿ ಬಂದು, ನನ್ನನ್ನು ಕಂಡು ನಿಂತಳು.

"ಇಷ್ಟು ಹೊತ್ತು ಮಾಡಿಬಿಟ್ಟೆ. ಓಣಿ ತೆರಿ ಹೋಗು. ಜನ ಕಾಯ್ತಿರ್ತಾರೆ" ಎಂದಳು. ಆ ಸೊನ್ನೆಯ ದಿನದಿಂದ ನನ್ನ ಜೊತೆ ಅವಳು ಆಡಿದ ಮೊದಲ ಮಾತು ಅದು.

"ಯಾರೂ ಇಲ್ಲ ಅಕ್ಕ. ಎಲ್ಲರೂ ಮನೆಗೆ ಹೋದ್ರು."

"ಇಳಿಸದೇನೇ?"

"ಹೂಂ."

"ಹೊತ್ಕೊಂಡೇ ಹೋದ್ರಾ?"

"ನೀನು ಕೂತಿದ್ದೀಯ ಅಂತ ಹೇಳಿದೆ. ಹೊತ್ಕೊಂಡೇ ಹೋದ್ರು."

ಅವಳು ಖಾಲಿ ರಸ್ತೆಯನ್ನು ನೋಡಿದಳು. ಅಗಸೆಯ ಮೆಟ್ಟಿಲ ಮೇಲೆ ಕೂತಳು. ಅಷ್ಟು ಜನರಿಗೆ ಬೆನ್ನು ಕೊಟ್ಟು ಕೂತಾಗಲೂ, ಬೆನ್ನು ಹೋದಾಗಲೂ ಅಳದವಳು ಸೆರಗು ಬಾಯಿಗೆ ಹಿಡಿದುಕೊಂಡು ಅತ್ತಳು. ನಾನು ಅವಳ ಪಕ್ಕದಲ್ಲಿ ಕೂತೆ. ಅವಳ ಅಳು ಮುಗಿಯುವವರೆಗೆ ಕೂತಿದ್ದೆ.